ಅಂಗಳದ ಪಡುಗೋಡೆ

ಫ್ರಾನ್ಸಿನ ದಿಜೋನ್ ನಗರದ ಹಳೇ ಪೇಟೆಯ ವೆರ್ನುವಾ ಮನೆತನಕ್ಕೆ ಗಿಲೇನ್ ಸೊಸೆಯಾಗಿ ಬಂದಾಗ ಅತ್ತೆ ಒರ್ತಾನ್ಸ್ ಮೊದಲು ತೋರಿಸಿದ್ದು ಮನೆಯ ಅಂಗಳವನ್ನು. ಬೀದಿಬಾಗಿಲು ದಾಟಿದರೆ ಕಲ್ಲುಹಾಸಿನ ಉದ್ದನೆಯ ಅಂಗಳ, ಎರಡೂ ಬದಿಗೆ ಮಹಡಿಗಳು, ತುದಿಯಲ್ಲಿ ಹಳೆಯ ಕುದುರೆಲಾಯ. ಲಾಯದ ಹತ್ತಿರ ಅಂಗಳ ಸೊಟ್ಟಗೆ ತಿರುಗುತ್ತಿತ್ತು.

“ನಮ್ಮ ಹಿರಿಯರು ನ್ಯಾಯಾಧೀಶರು. ಸಾರೋಟು ತಿರುಗೋಕೆ ಅನುಕೂಲ ಆಗ್ಲಿ ಅಂತ ಹೀಗೆ ಕಟ್ಟಿಸಿದ್ರು. ಅಂಗಡಿಸಾಲಲ್ಲಿ ಬೆಳೆದೋರಿಗೆ ಇದೆಲ್ಲ ಹೊಸದು,” ಎಂದರು ಒರ್ತಾನ್ಸ್.

ಗಿಲೇನಳ ಅಪ್ಪ ಮೀನು ಮಾರುವವನು. ಆ ಚುಚ್ಚುಮಾತು ಅಲ್ಲಿಗೆ ನಿಲ್ಲಲಿಲ್ಲ. ನೆಂಟರು ಊಟಕ್ಕೆ ಬಂದಾಗಲಂತೂ ಚೀಸಿನ ತಟ್ಟೆಯ ಜೊತೆಗೇ ಬರುತ್ತಿತ್ತು. ಗಂಡ ಎಮಾರ್ ಆಗೆಲ್ಲ ವೈನ್ ತರುವ ನೆಪದಲ್ಲಿ ನೆಲಮಾಳಿಗೆಗೆ ಇಳಿದುಬಿಡುತ್ತಿದ್ದ.

ಗಿಲೇನಳ ಕೂದಲು ನರೆಯತೊಡಗಿದ ಕಾಲಕ್ಕೆ, ಒಂದು ಚಳಿಗಾಲದಲ್ಲಿ ಸೂರಿನ ನೀರಿನ ಕೊಳವೆ ಒಡೆದು ಪಡುಗೋಡೆಯ ಗಾರೆ ಉಬ್ಬಿತು. ಹಳೆಯ ಮನೆಗಳ ಮೇಲೆ ನಿಗಾ ಇಡುವ ಸರಕಾರಿ ಕಚೇರಿಯಿಂದ ತಿಬೋ ಲಾಂಬೆಲ್ ಎಂಬ ವಾಸ್ತುಶಿಲ್ಪಿ ಬಂದ. ಕೆಲಸದವರು ಗಾರೆ ಕೆತ್ತುತ್ತ ಹೋದಂತೆ ಒಳಗಿನಿಂದ ಅಗಲವಾದ ಕಲ್ಲಿನ ಕಮಾನು ಕಾಣಿಸಿಕೊಂಡಿತು. ಅದರ ಕೆಳಗೆ ಸೊಂಟದೆತ್ತರದ ಕಲ್ಲಿನ ಕಟ್ಟೆ. ನಡುವೆ ಸವೆದು ತಗ್ಗಾಗಿತ್ತು.

“ಇದು ಅಂಗಡಿ. ಈ ಕಟ್ಟೆ ಮೇಲೆ ಸರಕು ಇಟ್ಟು ಮಾರ್ತಿದ್ರು,” ಎಂದ ತಿಬೋ.

ಗಿಲೇನ್ ನಕ್ಕಳು. “ಅಂಗಳದೊಳಗೆ ಯಾರ್ರೀ ಅಂಗಡಿ ಇಡ್ತಾರೆ?”

“ಆಗ ಇದು ಅಂಗಳ ಆಗಿರ್ಲಿಲ್ಲ ಮಾದಾಮ್, ಓಣಿ. ಆ ಕಡೆ ಒಂದು ಮನೆ, ಈ ಕಡೆ ಈ ಅಂಗಡಿಮನೆ. ನಿಮ್ಮೋರು ಎರಡನ್ನೂ ಕೊಂಡ್ಕೊಂಡು, ಓಣಿಯ ಬಾಯಿಗೆ ದೊಡ್ಡ ಬಾಗಿಲು ಇಟ್ಟು, ಬೀದಿ ಕಡೆಗೆ ಹೊಸ ಮುಖ ಕಟ್ಟಿಸಿದ್ದಾರೆ ಅಷ್ಟೆ. ಲಾಯದ ಹತ್ರ ಸೊಟ್ಟ ಇದೆಯಲ್ಲ, ಅದು ಓಣಿಯ ತಿರುವು.”

ಮೇಲಿನ ಕಿಟಕಿ ತೆರೆದೇ ಇತ್ತು. ಒರ್ತಾನ್ಸ್ ಕೋಲೂರಿಕೊಂಡು ಇಳಿದು ಬಂದರು. ಹಿಂದೆಯೇ ಎಮಾರ್. ಕಮಾನನ್ನು ದಿಟ್ಟಿಸಿ ನೋಡಿ, “ಮುಚ್ಚಿಸಿ,” ಎಂದರು.

“ಮುಚ್ಚೋದಕ್ಕೂ ಅಡ್ಡಿ ಇಲ್ಲ, ಹೀಗೇ ಬಿಡೋದಕ್ಕೂ ಅಡ್ಡಿ ಇಲ್ಲ,” ಎಂದ ತಿಬೋ.

“ಹಾಗಾದ್ರೆ ಮುಚ್ಚಿಸಿ. ಮನೆ ನನ್ನ ಹೆಸರಲ್ಲಿದೆ.”

“ಬೇಡ,” ಎಂದಳು ಗಿಲೇನ್.

“ಏನಂದೆ?”

“ಬೇಡ ಅಂದೆ ಮಾದಾಮ್. ಮದುವೆಯಾದಾಗಿನಿಂದ ಬಂದೋರಿಗೆಲ್ಲ ಇವಳು ಅಂಗಡಿಯೋಳು ಅಂತ ಹೇಳ್ಕೊಂಡು ಬಂದ್ರಿ. ಸುಮ್ನಿದ್ದೆ. ಈಗ ನಿಮ್ಮನೆ ಅಂಗಡೀನೂ ನೋಡ್ಲಿ ಬಿಡಿ.”

ಎಮಾರ್ ನೆಲಮಾಳಿಗೆಯ ಮೆಟ್ಟಿಲ ಕಡೆ ನೋಡಿದ. ಆದರೆ ಈ ಸಲ ಇಳಿಯಲಿಲ್ಲ. “ಅಮ್ಮಾ, ಇರ್ಲಿ ಬಿಡು,” ಎಂದ.

ಒರ್ತಾನ್ಸ್ ಮಗನನ್ನೊಮ್ಮೆ, ಸೊಸೆಯನ್ನೊಮ್ಮೆ ನೋಡಿ ಮೇಲೆ ಹೋದರು. ಊಟದ ಹೊತ್ತಾದರೂ ಇಳಿಯಲಿಲ್ಲ. ಗಿಲೇನಳಿಗೆ ಗೆದ್ದ ಸಂತೋಷವೇನೂ ಆಗಲಿಲ್ಲ. ಬಟ್ಟಲಿಗೆ ಸೂಪು ಹಾಕಿಕೊಂಡು ತಾನೇ ಮೇಲೆ ಒಯ್ದಳು.

ಒರ್ತಾನ್ಸ್ ಚಮಚ ಕೈಗೆತ್ತಿಕೊಂಡರು. “ಅಲ್ಲಿ ಏನು ಮಾರ್ತಿದ್ರಂತೆ?”

“ಗೊತ್ತಿಲ್ವಂತೆ.”

“ಮೀನು ಅಂತ ಮಾತ್ರ ಯಾರ ಹತ್ರಾನೂ ಹೇಳ್ಬೇಡ.”

ಗೋಡೆ ಮುಚ್ಚಿಸುವ ಮಾತು ಮತ್ತೆ ಬರಲಿಲ್ಲ.

ಸೆಪ್ಟೆಂಬರಿನಲ್ಲಿ, ಹಳೆಯ ಮನೆಗಳನ್ನು ಊರಿಗೆಲ್ಲ ತೆರೆದಿಡುವ ದಿನ, ಅಂಗಳದ ತುಂಬ ಜನ. ಗಿಲೇನ್ ಕಮಾನಿನ ಮುಂದೆ ನಿಂತು ಶುರುಮಾಡಿದಳು. “ಈ ಮನೆಯನ್ನ ನ್ಯಾಯಾಧೀಶ ವೆರ್ನುವಾ ಅವರು ಕಟ್ಟಿಸಿ…”

“ಕಟ್ಟಿಸಿದ್ದಲ್ಲ, ಕೊಂಡಿದ್ದು!” ಮೇಲಿನ ಕಿಟಕಿಯಿಂದ ಅತ್ತೆಯ ದನಿ ಬಂತು. “ಹೇಳೋದಾದ್ರೆ ಸರಿಯಾಗಿ ಹೇಳು!”

ಜನ ಕತ್ತೆತ್ತಿ ನೋಡಿದರು. ಗಿಲೇನ್ “ಕೊಂಡಿದ್ದು,” ಎಂದು ತಿದ್ದಿಕೊಂಡು ಅವರನ್ನು ಲಾಯದ ಕಡೆಗೆ ಕರೆದೊಯ್ದಳು.