ಮೂರು ಅಡಿಯ ಬಾಯಿ

ಹನೂರಿನಿಂದ ಲೊಕ್ಕನಹಳ್ಳಿಗೆ ಹೋಗುವ ರಸ್ತೆಯಲ್ಲಿ ಜಡೇಸ್ವಾಮಿಯ ವೆಲ್ಡಿಂಗ್ ಶಾಪ್ ಇದೆ. ನೇಗಿಲು, ಟ್ರೇಲರ್, ಗೇಟು, ಏನು ಮುರಿದರೂ ಸುತ್ತಿನವರು ಅಲ್ಲಿಗೇ ತರುತ್ತಾರೆ. ಹೋದ ವರ್ಷ ಸುಗ್ಗಿ ಶುರುವಾದಾಗ ಮಹದೇವು ತನ್ನ ಹೊಸ ರಾಗಿ ಮಿಷಿನ್ನನ್ನು ಟ್ರ್ಯಾಕ್ಟರಿಗೆ ಕಟ್ಟಿಕೊಂಡು ಬಂದು ಶಾಪಿನ ಮುಂದೆ ನಿಲ್ಲಿಸಿದ. ಊರೂರಿಗೆ ಹೋಗಿ ಬಾಡಿಗೆಗೆ ರಾಗಿ ಒಕ್ಕಿಕೊಡುವುದು ಅವನ ಕಸುಬು.

"ಇದ್ರ ಬಾಯಿ ಬಲೇ ಉದ್ದ ಕಣಣ್ಣಾ. ಮೇಲೆ ಮುಚ್ಚಳ ಬೇರೆ. ಉಲ್ಲು ಸಿಕ್ಕಾಕಂಡು ಒಳೀಕೇ ಓಗಲ್ಲ. ಎಂಗಸ್ರು ತಳ್ಳಿ ತಳ್ಳಿ ಸುಸ್ತಾಯ್ತಾವ್ರೆ. ಅರ್ಧ ಕುಯ್ದಾಕ್ಬುಡು" ಎಂದ.

ಬಾಯಿ ಎಂದರೆ ರಾಗಿಯ ಕಂತೆಯನ್ನು ಇಟ್ಟು ಒಳಕ್ಕೆ ತಳ್ಳುವ ತಗಡಿನ ದೋಣಿ. ಮೂರು ಅಡಿ ಉದ್ದ, ಅದರಲ್ಲಿ ಅರ್ಧಕ್ಕೆ ಮುಚ್ಚಳ. ಒಳತುದಿಯಲ್ಲಿ ಕಬ್ಬಿಣದ ಹಲ್ಲುಗಳ ಉರುಳೆ ತಿರುಗುತ್ತದೆ. ಬಾಯಿಯ ಪಕ್ಕಕ್ಕೆ ಒಂದು ಸಣ್ಣ ಫಲಕ ಹೊಡೆದಿದ್ದರು. ಈ ಭಾಗದ ಅಳತೆ ಬದಲಿಸಬಾರದು, ಬದಲಿಸುವುದು ಕಾನೂನಿಗೆ ವಿರುದ್ಧ ಎಂದು ಅದರಲ್ಲಿತ್ತು. ಜಡೇಸ್ವಾಮಿ ಕೊಳ್ಳೇಗಾಲದಲ್ಲಿ ಐಟಿಐ ಓದಿದವನು. ಫಲಕವನ್ನು ಎರಡು ಸಲ ಓದಿದ. ಆಮೇಲೆ ಗ್ರೈಂಡರ್ ಕೈಗೆತ್ತಿಕೊಂಡ. ಫಲಕ ಇದ್ದ ತುಂಡೇ ಕೆಳಗೆ ಬಿತ್ತು. ಅದನ್ನು ಗುಜರಿಯ ಗುಡ್ಡೆಗೆ ಎಸೆದು, ಕುಯ್ದ ಅಂಚನ್ನು ಕೈಗೆ ತಾಗದಂತೆ ನುಣ್ಣಗೆ ಉಜ್ಜಿಕೊಟ್ಟ.

ಮೂರನೆಯ ವಾರ ಲೊಕ್ಕನಹಳ್ಳಿಯಲ್ಲಿ ಕಂತೆ ತಳ್ಳುತ್ತಿದ್ದ ಚೆಲುವಮ್ಮನ ಬಲಗೈ ಒಳಕ್ಕೆ ಹೋಯಿತು. ಟೀ ಅಂಗಡಿಯಲ್ಲಿ ಯಾರೋ ಹೇಳಿದಾಗ ಜಡೇಸ್ವಾಮಿ ಗ್ಲಾಸನ್ನು ಹಾಗೇ ಇಟ್ಟು ಎದ್ದುಬಂದ. ಮಣಿಕಟ್ಟಿನ ಮೇಲಕ್ಕೆ ಕೈಯನ್ನೇ ಕತ್ತರಿಸಿ ತೆಗೆಯಬೇಕಾಯಿತಂತೆ, ಮೈಸೂರಿನ ಆಸ್ಪತ್ರೆಯಲ್ಲಿ ಜೀವ ಉಳಿಯಿತಂತೆ. ಶಾಪಿಗೆ ಬಂದವನು ಮೊದಲು ನೋಡಿದ್ದು ಗುಜರಿಯ ಗುಡ್ಡೆಯನ್ನು. ಅದು ಖಾಲಿಯಾಗಿತ್ತು. ಹಿಂದಿನ ಸೋಮವಾರವೇ ಗುಜರಿಯವನು ಎಲ್ಲವನ್ನೂ ತುಂಬಿಕೊಂಡು ಹೋಗಿದ್ದ. ಸದ್ಯ, ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೇ ನಾಚಿಕೆಯಾಯಿತು.

ಹದಿನೈದು ದಿನಕ್ಕೆ ಲೇಬರ್ ಆಫೀಸಿನಿಂದ ನಾಗಶ್ರೀ ಎಂಬ ಅಧಿಕಾರಿ ಬಂದರು. ವಯಸ್ಸು ಮೂವತ್ತರ ಆಸುಪಾಸು. ಮಿಷಿನ್ ಮಹದೇವುವಿನ ಶೆಡ್ಡಿನಲ್ಲಿತ್ತು. ಅವರು ಟೇಪ್ ಹಿಡಿದು ಬಾಯಿಯನ್ನು ಅಳೆದರು. ಒಂದೂವರೆ ಅಡಿ. ಕಬ್ಬಿಣದ ಕೆಲಸ ಬಲ್ಲವರೊಬ್ಬರು ಬೇಕು ಎಂದಾಗ ಊರಿನವರು ಜಡೇಸ್ವಾಮಿಯನ್ನೇ ಕರೆತಂದರು.

"ನೋಡಿ ಹೇಳಿ. ಇದು ಕಂಪನಿಯಿಂದ ಹೀಗೇ ಬಂದಿದ್ದಾ, ಇಲ್ಲಾ ಯಾರಾದ್ರೂ ಕತ್ತರಿಸಿದ್ದಾರಾ?"

ಜಡೇಸ್ವಾಮಿ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ. ಅವನ ಗ್ರೈಂಡರಿನ ಗೀರುಗಳು ಅವನಿಗೆ ಕೈಬರಹದಷ್ಟು ಗುರುತು. ಪಕ್ಕದಲ್ಲಿ ನಿಂತಿದ್ದ ಮಹದೇವು ನೆಲ ನೋಡುತ್ತಿದ್ದ.

"ಕಂಪನೀದೇ ಮೇಡಂ. ಕುಯ್ದಂಗಿಲ್ಲ."

ನಾಗಶ್ರೀ ಬರೆದುಕೊಂಡರು. "ಹಾಗಾದ್ರೆ ಕೇಸು ಮಿಷಿನ್ ತಯಾರಿಸಿದವರ ಮೇಲೆ ಹೋಗುತ್ತೆ. ಅವರು ಉತ್ತರದಲ್ಲೆಲ್ಲೋ ಇದ್ದಾರೆ. ಆ ಯಮ್ಮನಿಗೆ ಪರಿಹಾರ ಸಿಗೋದು ಯಾವ ಕಾಲಕ್ಕೋ" ಎಂದು ತಮ್ಮಷ್ಟಕ್ಕೇ ಹೇಳಿಕೊಂಡು ಜೀಪು ಹತ್ತಿದರು.

ಅಂದಿನಿಂದ ಜಡೇಸ್ವಾಮಿಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಹೆಂಡತಿ ರೂಪ ಕೇಳಿದರೆ ಕಣ್ಣುರಿ ಎಂದ. ಹತ್ತು ದಿನ ಹೀಗೇ ಕಳೆದು, ಒಂದು ಬೆಳಿಗ್ಗೆ ಶಾಪ್ ತೆರೆಯದೆ ಲೊಕ್ಕನಹಳ್ಳಿಯ ಬಸ್ಸು ಹತ್ತಿದ.

ಚೆಲುವಮ್ಮ ಜಗುಲಿಯಲ್ಲಿ ಕೂತು ಎಡಗೈಯಲ್ಲಿ ಅವರೆಕಾಯಿ ಸುಲಿಯಲು ನೋಡುತ್ತಿದ್ದಳು. ಕಾಯಿಯನ್ನು ಮಂಡಿಗಳ ನಡುವೆ ಒತ್ತಿ ಹಿಡಿದು ಉಗುರಿನಿಂದ ಸೀಳಬೇಕಾಗಿತ್ತು. ಕಾಳು ಹಾರಿ ಅಂಗಳಕ್ಕೆ ಬೀಳುತ್ತಿತ್ತು. ಅವನನ್ನು ಕಂಡು, "ಅನೂರ್ ಶಾಪಿನಣ್ಣ ಅಲ್ವಾ? ಕೂತ್ಕಳಿ" ಎಂದಳು.

ಅವನು ಜಗುಲಿಯ ಅಂಚಿಗೆ ಕೂತ. ಅವಳೇ ಮಾತಾಡಿದಳು. "ನಂದೇ ತಪ್ಪು ಕನಣ್ಣಾ. ಪಕ್ಕದೋಳ ಜೊತೆ ಮಾತಾಡ್ತಿದ್ದೆ. ಕಂತೆ ಜೊತೇಲೇ ಕೈ ಓಗದು ಗೊತ್ತೇ ಆಗ್ನಿಲ್ಲ. ನನ್ನಿಂದ ನಾಕ್ ಮನೆ ರಾಗಿ ಕಣದಲ್ಲೇ ಬಿದ್ದಿತ್ತು. ಪಾಪ, ಮಾದೇವಣ್ಣನ ಮಿಷಿನ್ನೂ ನಿಂತೋಯ್ತು. ನಾನು ಅಷ್ಟು ಗ್ಯಾನ ಇಲ್ದೋಳಂಗೆ ಮಾಡ್ಬಾರದಿತ್ತು."

ಅದನ್ನು ಕೇಳಿದ ಮೇಲೆ ಜಡೇಸ್ವಾಮಿಗೆ ಕೂತಿರಲಾಗಲಿಲ್ಲ. ಎದ್ದು ನಿಂತು ಹೇಳಿದ.

"ನಿಂದೇನೂ ತಪ್ಪಿಲ್ಲ ಕನವ್ವಾ. ಬಾಯಿ ಮೂರಡಿ ಇತ್ತು. ನಾನೇ ಕುಯ್ದೆ. ಕುಯ್ಬಾರದು ಅಂತ ಬರ್ದಿದ್ರು, ಓದ್ಕಂಡೇ ಕುಯ್ದೆ. ಆಫೀಸ್ನೋರು ಬಂದಾಗ್ಲೂ ಸುಳ್ಳೇಳ್ದೆ."

ಚೆಲುವಮ್ಮನ ಕೈ ನಿಂತಿತು. "ಮೂರಡಿ ಇದ್ದಿದ್ರೆ?"

"ಕೈ ಅಲ್ಲಿಗಂಟ ಓಯ್ತಿರ್ನಿಲ್ಲ."

"ನಾನು ಮಾತಾಡ್ತಿದ್ರೂ?"

"ಮಾತಾಡ್ತಿದ್ರೂ."

ಅವಳು ಮಂಡಿಗಳ ನಡುವಿನ ಕಾಯಿಯನ್ನು ತೆಗೆದು ಪಕ್ಕಕ್ಕಿಟ್ಟಳು. ಅಳುತ್ತಾಳೆ ಎಂದುಕೊಂಡ, ಅಳಲಿಲ್ಲ. ಬಯ್ಯುತ್ತಾಳೆ ಎಂದುಕೊಂಡ, ಅದೂ ಇಲ್ಲ. "ದಿನಾ ನನ್ನ ನಾನೇ ಬಯ್ಕಂಡು ಕೂತಿವ್ನಿ" ಎಂದಳು ಕಡೆಗೆ. "ನನ್ ಮುಂದೆ ಏಳುದ್ರೆ ಏನ್ ಬಂತು? ಎಲ್ಲಿ ಸುಳ್ಳೇಳಿದ್ಯೋ ಅಲ್ಲೋಗಿ ಏಳು. ಓಗು, ನನ್ ಕಣ್ಮುಂದೆ ನಿಂತ್ಕಬೇಡ."

ಮಾರನೆಯ ದಿನ ಜಡೇಸ್ವಾಮಿ ಕೊಳ್ಳೇಗಾಲದ ಲೇಬರ್ ಆಫೀಸಿಗೆ ಹೋದ. ನಾಗಶ್ರೀ ಎಲ್ಲವನ್ನೂ ಕೇಳಿ, ಪೆನ್ನು ಮೇಜಿನ ಮೇಲೆ ಕುಕ್ಕಿದರು.

"ನಿಮ್ಮ ಮಾತು ನಂಬಿ ನಾನು ರಿಪೋರ್ಟ್ ಬರೆದಿದ್ದೀನಿ ಕಣ್ರೀ! ಆ ಮೂರಡಿ ಎಲ್ಲಿಂದ ಬಂತು ಅಂದ್ಕೊಂಡಿದ್ದೀರಿ? ಕಾನೂನಲ್ಲಿ ಈ ಮಿಷಿನ್ನಿಗೆ ಅಪಾಯಕಾರಿ ಯಂತ್ರ ಅಂತಲೇ ಹೆಸರು. ಮನುಷ್ಯರ ಕೈ ಎಷ್ಟುದ್ದ ಇರುತ್ತೆ ಅಂತ ನೋಡಿ, ಅದು ಹಲ್ಲಿಗೆ ಸಿಗಬಾರದು ಅಂತ ಇಟ್ಟ ಅಳತೆ ಅದು."

"ಗೊತ್ತಾಯ್ತು ಮೇಡಂ. ನನ್ ಮೇಲೆ ಕೇಸ್ ಆಕಿ."

ಅವರು ನಮೂನೆಯನ್ನು ತಿರುಗಿಸಿ ತೋರಿಸಿದರು. ತಯಾರಿಸಿದವರು, ಮಾರಿದವರು, ಬಳಸಿದವರು, ಮೂರಕ್ಕೂ ಜಾಗವಿತ್ತು. "ನಿಮ್ಮನ್ನ ಎಲ್ಲಿ ಬರೀಲಿ? ರಿಪೇರಿಯವರಿಗೆ ಇದರಲ್ಲಿ ಕಾಲಂ ಇಲ್ಲ. ಹೇಳಿಕೆ ಬರೆದುಕೊಡಿ, ಹೊಸ ರಿಪೋರ್ಟ್ ಕಳಿಸ್ತೀನಿ. ಪೊಲೀಸಿನವರು ಕರೆದರೆ ಹೋಗಬೇಕಾಗುತ್ತೆ."

ಅವನು ಬರೆದುಕೊಟ್ಟ. ಸಹಿ ಹಾಕುವಾಗ ಅವರು ಕೇಳಿದರು: "ಇದೊಂದೇನಾ ಕುಯ್ದಿದ್ದು?"

ಜಡೇಸ್ವಾಮಿ ಅದನ್ನು ಯೋಚಿಸಿಯೇ ಇರಲಿಲ್ಲ. ಅಲ್ಲಿಯೇ ಕುರ್ಚಿಯಲ್ಲಿ ಕೂತು ಬೆರಳು ಮಡಿಸಿದ. ನಾಲ್ಕು ವರ್ಷದಲ್ಲಿ ಇನ್ನೂ ನಾಲ್ಕು ಮಿಷಿನ್ನು.

ಹೊಸ ರಿಪೋರ್ಟಿನ ಮೇಲೆ ಚೆಲುವಮ್ಮನಿಗೆ ಮಹದೇವು ಪರಿಹಾರ ಕೊಡಬೇಕೆಂದು ಆದೇಶವಾಯಿತು. ಮಹದೇವು ಅಂದಿನಿಂದ ಜಡೇಸ್ವಾಮಿಯನ್ನು ಮಾತಾಡಿಸುವುದಿಲ್ಲ. ಪೊಲೀಸರು ಎರಡು ಸಲ ಕರೆಸಿ ಕೇಳಿದರು, ಕೇಸು ಇನ್ನೂ ಮುಗಿದಿಲ್ಲ. ರೂಪ, "ನಂಗಾದ್ರೂ ಮೊದ್ಲೇ ಏಳ್ಬಾರದಿತ್ತಾ?" ಎಂದು ಕೇಳಿ, ಅವನ ಜೊತೆ ಶಾಪಿಗೆ ಬಂದು ತಗಡು ಅಳೆಯಲು ಟೇಪಿನ ಇನ್ನೊಂದು ತುದಿ ಹಿಡಿದಳು. ಗಂಡ ಹೆಂಡತಿ ಸೇರಿ ಆ ನಾಲ್ಕು ಮಿಷಿನ್ನಿಗೂ ಮೂರಡಿಯ ಬಾಯಿ ಸಿದ್ಧ ಮಾಡಿದರು.

ಹನೂರಿನ ಎರಡು ಮಿಷಿನ್ನಿಗೆ ಕೂಡಿಸುವುದು ಸುಲಭವಾಯಿತು. ಮೂರನೆಯದರ ಯಜಮಾನ ಯಳಂದೂರಿನ ಗೋವಿಂದಯ್ಯ ಮಾತ್ರ, "ಕೆಲ್ಸ ನಿಧಾನ ಆಯ್ತದೆ, ಬ್ಯಾಡ ಓಗಯ್ಯ" ಎಂದ. ಜಡೇಸ್ವಾಮಿ ನಿಂತಿದ್ದ ಮಿಷಿನ್ನಿನ ಬಾಯಿಗೆ ತನ್ನದೇ ಕೈ ಹಾಕಿ, ಹಲ್ಲನ್ನು ಮುಟ್ಟಿ, ಕಣದಲ್ಲಿದ್ದ ಹೆಂಗಸರಿಗೆ ತೋರಿಸಿದ. ನನ್ನ ಮೊಣಕೈ ಇನ್ನೂ ಹೊರಗಿದೆ ನೋಡಿ ಎಂದ. ಅವರು ಕಂತೆಗಳನ್ನು ಕೆಳಗಿಟ್ಟು ನಿಂತರು. ಗೋವಿಂದಯ್ಯ ಗೊಣಗುತ್ತ ಒಪ್ಪಿದ.

ನಾಲ್ಕನೆಯದನ್ನು ಅದರ ಯಜಮಾನ ತಮಿಳುನಾಡಿನ ಗಡಿಯ ಗೋಪಿನಾಥಂ ಕಡೆಯವರಿಗೆ ಮಾರಿಬಿಟ್ಟಿದ್ದ. ಜಡೇಸ್ವಾಮಿ ಬಸ್ಸಿಗಾಗಿ ಅರ್ಧ ದಿನ ಕಾದು ಅಲ್ಲಿಗೆ ಹೋದ. ನೀಲಿ ಬಣ್ಣದ ರಾಗಿ ಮಿಷಿನ್ನು ಎಂದು ಮನೆಮನೆಗೆ ಕೇಳಿದ. ಹೊಳೆಯಿಂದ ಮೀನು ಹೊತ್ತು ಬರುತ್ತಿದ್ದ ಹೆಂಗಸೊಬ್ಬಳು ನೆನಪು ಮಾಡಿಕೊಂಡಳು.

"ಅದಾ ಅಣ್ಣೇ? ಅದು ಹೋದ ಮಾಸವೇ ಮೇಟ್ಟೂರು ಪಕ್ಕದವ್ರು ಯಾರೋ ತಕಂಡ್ ಹೋದ್ರು."

"ಯಾರು, ಯಾವ ಊರು?"

"ತೆರಿಯಾದು. ಗೊತ್ತಿಲ್ಲ."

ಅವಳು ಮೀನಿನ ಬುಟ್ಟಿಯನ್ನು ತಲೆಯ ಮೇಲೆ ಸರಿಮಾಡಿಕೊಂಡು ಹೋದಳು. ಮಿಷಿನ್ನಿನ ಸುದ್ದಿ ಸಿಕ್ಕರೆ ತಿಳಿಸುತ್ತೇನೆಂದು ಅಲ್ಲಿನ ಟೀ ಅಂಗಡಿಯವನು ಜಡೇಸ್ವಾಮಿಯ ಫೋನ್ ನಂಬರನ್ನು ಬರೆದುಕೊಂಡ. ಆ ಫೋನಿಗಾಗಿ ಜಡೇಸ್ವಾಮಿ ಇನ್ನೂ ಕಾಯುತ್ತಿದ್ದಾನೆ.