ಬೇಯದ ಮೋಟರು

ಬಸಕ್ಕ ಪೀಣ್ಯದ ಒಂದು ಚಿಕ್ಕ ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಮೋಟರಿಗೆ ತಾಮ್ರದ ತಂತಿ ಸುತ್ತುತ್ತಿದ್ದಳು. ಊರು ಯಲಬುರ್ಗಾದ ಕಡೆ. ಗಂಡ ಈಶಪ್ಪ ಸೆಂಟ್ರಿಂಗ್ ಕೆಲಸದವನು. ಲಗ್ಗೆರೆಯಲ್ಲಿ ಮೂರನೇ ಮಹಡಿಯ ಒಂದು ಬಾಡಿಗೆ ಕೋಣೆ ಅವರ ಮನೆ.

ಸುತ್ತಿದ ತಂತಿಯನ್ನು ವಾರ್ನಿಷಿನಲ್ಲಿ ಅದ್ದಿ ಓವನ್ನಿನಲ್ಲಿ ಎಂಟು ಗಂಟೆ ಬೇಯಿಸಬೇಕು. ಸರಿಯಾಗಿ ಬೆಂದ ಮೋಟರು ಹತ್ತು ವರ್ಷ ಬಾಳುತ್ತದೆ, ಬೇಯದ್ದು ಒಂದು ಬೇಸಿಗೆಯನ್ನೂ ದಾಟುವುದಿಲ್ಲ. ಇದನ್ನು ಬಸಕ್ಕನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸುಟ್ಟು ವಾಪಸು ಬಂದ ಮೋಟರುಗಳನ್ನು ಬಿಚ್ಚಿ ಬಿಚ್ಚಿ ಅವಳೇ ಕಲಿತಿದ್ದಳು.

ಜನವರಿಯಲ್ಲಿ ನಲವತ್ತು ಮೋಟರಿನ ಆರ್ಡರು ಬಂತು. ಒಂದು ದೊಡ್ಡ ಕಂಪನಿಯವರು ತುಮಕೂರು ರಸ್ತೆಯ ಆಚೀಚಿನ ರೈತರಿಂದ ಡೀಸೆಲ್ ಪಂಪು ಬಿಡಿಸಿ, ಪುಕ್ಕಟೆಯಾಗಿ ಸೋಲಾರ್ ಪಂಪು ಕೊಡುವವರಿದ್ದರು. ಸಮಾರಂಭಕ್ಕೆ ದಿನ ಗೊತ್ತಾಗಿತ್ತು, ಮೋಟರುಗಳು ಇನ್ನೂ ಅರ್ಧದಲ್ಲಿದ್ದವು. ಮಾಲೀಕ ಲೋಕೇಶ್ ಎರಡೇ ಗಂಟೆ ಬೇಯಿಸಿ ಓವನ್ನಿನ ಬಾಗಿಲು ತೆಗೆಸಿದ.

"ಸಾರ್, ಇನ್ನಾ ಹಸೀ ಐತ್ರಿ. ಮುಟ್ಟಿದ್ರ ಬೆರಳಿಗೆ ಅಂಟತೈತಿ," ಎಂದಳು ಬಸಕ್ಕ.

"ಹೊಲದಲ್ಲಿ ಬಿಸಿಲಿರುತ್ತೆ ಬಸಕ್ಕ, ಅಲ್ಲೇ ಒಣಗ್ಕೊಳ್ಳುತ್ತೆ ಬಿಡು," ಎಂದು ಲೋಕೇಶ್ ನಕ್ಕ. ಪಕ್ಕದಲ್ಲಿದ್ದವರೂ ನಕ್ಕರು. ಬಸಕ್ಕ ಮುಂದಿನ ಮೋಟರು ಎತ್ತಿಕೊಂಡಳು.

ಅದೇ ವಾರ ರಾಮಕ್ಕ ಸೊಪ್ಪು ಮಾರಲು ಬಂದಾಗ ಅವಳ ಮುಖ ಅರಳಿತ್ತು. ರಾಮಕ್ಕನದು ಮಾಕಳಿ. ಎರಡು ಗೋಡೌನುಗಳ ನಡುವೆ ಉಳಿದಿರುವ ಒಂದೆಕರೆಯಲ್ಲಿ ದಂಟು, ಪಾಲಕ್, ಕೊತ್ತಂಬರಿ ಬೆಳೆದು ದಿನಾ ಬೆಳಿಗ್ಗೆ ಆಟೋದಲ್ಲಿ ಲಗ್ಗೆರೆಗೆ ತರುತ್ತಿದ್ದಳು. ಬಸಕ್ಕನಿಗೆ ಕಾಮಾಲೆಯಾಗಿದ್ದಾಗ ಹದಿನೈದು ದಿನ ನೆಲನೆಲ್ಲಿ ಕಿತ್ತು ತಂದು, ತಾನೇ ಅರೆದು ಕುಡಿಸಿದವಳು ಅವಳು.

"ನಂಗೂ ಸೋಲಾರ್ ಪಂಪು ಬತ್ತಾ ಐತೆ ಕಣವ್ವ," ಎಂದಳು. "ಇನ್ಮೇಲೆ ಬಂಕಿಂದ ಕ್ಯಾನ್ ಒತ್ಕೊಂಡು ಬರಂಗಿಲ್ಲ. ಆ ಹ್ಯಾಂಡ್ಲು ತಿರುವಿ ತಿರುವಿ ನನ್ ರಟ್ಟೆ ಓಗೈತೆ. ಒಗೆ ಕುಡ್ದೂ ಕುಡ್ದೂ ಸಾಕಾಗೈತೆ. ಅಳೇ ಡೀಸೆಲ್ ಪಂಪು ಮಾತ್ರ ಅವರಿಗೆ ಒಪ್ಪಿಸ್ಬೇಕಂತೆ."

"ಯಾವ ಕಂಪನಿಯವರಕ್ಕ?"

ರಾಮಕ್ಕ ಹೆಸರು ಹೇಳಿದಳು. ಬಸಕ್ಕ ಕೈಯಲ್ಲಿದ್ದ ಕೊತ್ತಂಬರಿ ಕಟ್ಟನ್ನು ಸುಮ್ಮನೆ ತಿರುಗಿಸುತ್ತ ನಿಂತಳು. ಹಳೇ ಪಂಪು ಕೊಡಬೇಡ ಎನ್ನಬಹುದಿತ್ತು. ಹೇಳಿದರೆ ಮಾತು ಲೋಕೇಶನ ಕಿವಿಗೆ ಬಿದ್ದೇ ಬೀಳುತ್ತದೆ. ನಲವತ್ತರಲ್ಲಿ ನಾಲ್ಕಾದರೂ ಚೆನ್ನಾಗಿ ಬೆಂದಿರಬಹುದು, ಅದೇ ಇವಳಿಗೆ ಬರಲಿ ಅಂದುಕೊಂಡಳು.

"ಚಲೋ ಆತು ಬಿಡಕ್ಕ," ಎಂದು ಮೇಲೆ ಹೋದಳು.

ಸಮಾರಂಭ ನಡೆಯಿತು. ಡೀಸೆಲ್ ಪಂಪಿಗೆ ಹಾರ ಹಾಕಿ, ಫೋಟೋ ತೆಗೆದು, ಟೆಂಪೋಗೆ ಏರಿಸಿಕೊಂಡು ಹೋದರು. ಎರಡು ತಿಂಗಳು ಸೋಲಾರ್ ಪಂಪು ಬೆಳಗಾದರೆ ತಾನೇ ಶುರುವಾಗಿ ಕೃಷಿಹೊಂಡದಿಂದ ಮಡಿಮಡಿಗೂ ನೀರು ಹಾಯಿಸಿತು. ಸೊಪ್ಪಿಗೀಗ ಡೀಸೆಲ್ ವಾಸನೆಯೇ ಇಲ್ಲ ಎಂದು ರಾಮಕ್ಕ ಕಟ್ಟನ್ನು ಗಿರಾಕಿಗಳ ಮೂಗಿಗೇ ಹಿಡಿಯುತ್ತಿದ್ದಳು.

ಏಪ್ರಿಲ್ ಮೊದಲ ವಾರ ಮೋಟರು ಸುಟ್ಟಿತು.

ರಾಮಕ್ಕ ಕಂಪನಿಗೆ ಫೋನು ಮಾಡಿದರೆ ಆ್ಯಪಿನಲ್ಲಿ ದೂರು ಹಾಕಿ ಎಂದರು. ಹಾಕಿಸಿದಳು. ಮೋಟರಿನ ಮೇಲಿರುವ ಕಂಪನಿಯ ಸೀಲು ಮುಟ್ಟಬೇಡಿ, ಟೆಕ್ನಿಷಿಯನ್ ಬರುತ್ತಾರೆ ಎಂದರು. ಒಂಬತ್ತು ದಿನವಾದರೂ ಯಾರೂ ಬರಲಿಲ್ಲ. ಪಾಲಕ್ ನೆಲಕ್ಕೆ ಮಲಗಿತು. ರಾಮಕ್ಕ ಬಿಂದಿಗೆಯಲ್ಲಿ ಹೊಂಡದಿಂದ ನೀರು ಹೊತ್ತು ದಂಟಿನ ಎರಡು ಮಡಿಯನ್ನಷ್ಟೇ ಉಳಿಸಿಕೊಂಡಳು.

"ನೀನು ಮೋಟರ್ ಕೆಲ್ಸದೋಳಲ್ವೇನವ್ವ? ಒಸಿ ಬಂದು ನೋಡು," ಎಂದು ಅವಳು ಕೇಳಿದ ಭಾನುವಾರವೇ ಬಸಕ್ಕ ಮಾಕಳಿಗೆ ಹೋದಳು. ಸೀಲು ಒಡೆದಳು. ಮುಚ್ಚಳ ತೆಗೆಯುತ್ತಿದ್ದಂತೆ ಸುಟ್ಟ ಕಮಟು ಮೂಗಿಗೆ ಬಡಿಯಿತು. ವಾರ್ನಿಷು ಬೆಲ್ಲದ ಪಾಕದ ಹಾಗೆ ಇಳಿದು ತಳದಲ್ಲಿ ಕರ್ರಗೆ ಗಟ್ಟಿಯಾಗಿತ್ತು. ಸುತ್ತಿದ್ದು ತನ್ನದೇ ಕೈ ಎಂದು ಗಂಟು ಹಾಕಿದ ರೀತಿಯಲ್ಲೇ ತಿಳಿಯಿತು.

ಮೋಟರನ್ನು ಲಗ್ಗೆರೆಯ ರಿವೈಂಡಿಂಗ್ ಅಂಗಡಿಗೆ ಹೊತ್ತೊಯ್ದಳು. ತಂತಿಯನ್ನು ತಾನೇ ಕೊಂಡು, ತಾನೇ ಸುತ್ತಿ, ಅಂಗಡಿಯವನ ಕಾಲು ಹಿಡಿಯುವಷ್ಟು ಬೇಡಿಕೊಂಡು ಪೂರಾ ಎಂಟು ಗಂಟೆ ಬೇಯಿಸಿದಳು. ಮಂಗಳವಾರ ಪಂಪು ಹೊಂಡದ ನೀರೆತ್ತಿತು. ರಾಮಕ್ಕ ಕಾಲುವೆಯಲ್ಲೇ ಕೂತು ಮುಖ ತೊಳೆದುಕೊಂಡಳು.

ಆ ಹೊತ್ತಿಗೆ ನಲವತ್ತರಲ್ಲಿ ಹದಿಮೂರು ಪಂಪು ನಿಂತಿದ್ದವು. ಕಂಪನಿಯ ಅಧಿಕಾರಿ ಅಂಜನ್ ಕಾರಣ ಹುಡುಕುತ್ತ ಹೊಲ ಹೊಲ ಸುತ್ತಿದ. ಮಾಕಳಿಯಲ್ಲಿ ಒಡೆದ ಸೀಲು ಸಿಕ್ಕಿತು. ಮೋಟರು ಪೂರೈಸಿದವನೆಂದು ಲೋಕೇಶನೂ ಜೊತೆಗಿದ್ದ.

ಮರುದಿನ ಲೋಕೇಶ್ ಬಸಕ್ಕನನ್ನು ಆಫೀಸಿಗೆ ಕರೆದು ಒಂದು ಕಾಗದ ಓದಿದ. ಹೊರಗಿನವರಾದ ಬಸಕ್ಕ ಎಂಬುವರು ಬಂದು ಮೋಟರು ಬಿಚ್ಚಿದ್ದರಿಂದ ಪಂಪು ಕೆಟ್ಟಿತು, ಮೊದಲು ಚೆನ್ನಾಗಿ ನಡೆಯುತ್ತಿತ್ತು ಎಂದು ಬರೆದಿತ್ತು. ಕೆಳಗೆ ರಾಮಕ್ಕನ ಸಹಿ.

"ಕೆಟ್ಟ ಮ್ಯಾಲ ಬಿಚ್ಚೀನ್ರಿ ಸಾರ್. ಯಾಕ ಕೆಟ್ಟಿತು ಅಂತ ನಿಮಗೂ ಗೊತ್ತೈತಿ."

"ನಂಗೇನು ಗೊತ್ತು? ಕಾಗದದಲ್ಲಿ ಇರೋದು ಇದು," ಎಂದ ಲೋಕೇಶ್. "ನಾಳೆಯಿಂದ ಬರ್ಬೇಡ."

ಬಸಕ್ಕ ಅಲ್ಲಿಂದಲೇ ಬಸ್ಸು ಹತ್ತಿ ಮಾಕಳಿಗೆ ಹೋದಳು. ಹೊಂಡದ ಬಳಿ ಕಂಪನಿಯ ಇಬ್ಬರು ಕೆಲಸಗಾರರು ಅವಳು ಬೇಯಿಸಿದ್ದ ಮೋಟರು ಬಿಚ್ಚಿ ಗೋಣಿಗೆ ತುರುಕುತ್ತಿದ್ದರು. ಅದರ ಜಾಗದಲ್ಲಿ, ಆ ನಲವತ್ತರ ಜೊತೆಗೇ ಹೆಚ್ಚಿಗೆ ಮಾಡಿ ಅಷ್ಟೇ ಹಸಿಯಾಗಿ ತೆಗೆದಿಟ್ಟಿದ್ದ ಇನ್ನೊಂದು ಮೋಟರು, ಹೊಸ ಸೀಲಿನೊಂದಿಗೆ ಕೂತಿತ್ತು. ರಾಮಕ್ಕ ಅವಳನ್ನು ಕಂಡು ಸೆರಗು ಬಾಯಿಗೊತ್ತಿಕೊಂಡಳು.

"ನಾನೇ ಏಳ್ದೆ ಕಣವ್ವ ನಿನ್ನೆಸ್ರ. ಸೈನ್ ಆಕ್ದೆ ಇದ್ರೆ ಪ್ಯಾನೆಲ್ಲೆಲ್ಲಾ ಬಿಚ್ಕೊಂಡೋಗ್ತೀವಿ ಅಂದ್ರು. ಅಳೇ ಪಂಪೂ ಇಲ್ಲ. ಇನ್ನೇನ್ ಮಾಡ್ಲಿ ನಾನು?"

"ನಾನೂ ಹೇಳಲಿಲ್ಲಕ್ಕ," ಎಂದಳು ಬಸಕ್ಕ. "ಆ ಮೋಟರ್ ಬೆಂದಿಲ್ಲಂತ ನನಗ ಮದ್ಲ ಗೊತ್ತಿತ್ತು. ನೀ ಹಳೇ ಪಂಪು ಕೊಡೂಕಿಂತ ಮದ್ಲ. ಕೆಲಸ ಹೋಗತೈತಂತ ಬಾಯಿ ಮುಚ್ಚಿಕೊಂಡೆ."

ರಾಮಕ್ಕ ಬಾಯಿಗೊತ್ತಿದ್ದ ಸೆರಗನ್ನು ಕೆಳಗೆ ಬಿಟ್ಟಳು.

"ಗೊತ್ತಿದ್ದೂ ಚಲೋ ಆತು ಅಂದ್ಯಾ?"

"ಹೌದಕ್ಕ. ತಪ್ಪಾತು. ಈಗರ ಇಬ್ರೂ ಕೂಡಿ ಖರೇ ಏನೈತಿ ಅದನ್ನ ಬರದು ಕೊಡೂಣು. ಉಳಿದ ರೈತರೂ ಬರ್ತಾರ. ಇಲ್ಲಾಂದ್ರ ಹೊರಗಿನವರು ಬಿಚ್ಚಿದ್ದಕ್ಕ ಕೆಟ್ಟಾವು ಅಂತ ಆ ನಿನ್ನ ಕಾಗದ ತೋರ್ಸಿ ಅವರಿಗೂ ಮೋಟರ್ ಕೊಡೂದಿಲ್ಲ ಅಂತಾರ."

"ಇನ್ನೊಂದ್ ಸೈನ್ ಆಕಾಕಿಲ್ಲ ನಾನು," ಎಂದಳು ರಾಮಕ್ಕ. "ನಂದೀಗ ನಡೀತಾ ಐತೆ. ನೀನು ಓಗು."

ಹಿಂದೆ ಹೊಸ ಮೋಟರು ಗುನುಗಲು ಶುರುಮಾಡಿತು. ಕೇಳಿದವರಿಗೆ ಅದರ ಸದ್ದಿನಲ್ಲೇನೂ ತಪ್ಪು ತಿಳಿಯುತ್ತಿರಲಿಲ್ಲ. ಬಸಕ್ಕ ಗೋಣಿಚೀಲದತ್ತ ಒಮ್ಮೆ ನೋಡಿ ರಸ್ತೆಗೆ ಬಂದಳು.

ಉಳಿದ ಹನ್ನೆರಡು ಮಂದಿ ರೈತರಿಗೆ ಬದಲಿ ಮೋಟರು ಸಿಗಲೇ ಇಲ್ಲ. ಬಸಕ್ಕ ಒಬ್ಬಳೇ ಕಂಪನಿಗೆ ಬರೆದು ಕೊಟ್ಟ ಅರ್ಜಿಗೆ, ಕೆಲಸದಿಂದ ತೆಗೆದ ಸಿಟ್ಟಿಗೆ ಬರೆದದ್ದು ಎಂದರು. ಅವಳು ರಟ್ಟಿನ ಡಬ್ಬಿ ಅಂಟಿಸುವ ಇನ್ನೊಂದು ಕಾರ್ಖಾನೆಗೆ ಸೇರಿದಳು; ಅಲ್ಲಿ ದಿನವಿಡೀ ನಿಂತೇ ಕೆಲಸ. ರಾಮಕ್ಕನ ಆಟೋ ಬಸಕ್ಕನ ಬೀದಿಗೆ ಬರುವುದನ್ನು ಬಿಟ್ಟಿತು.

ಜೂನಿನಲ್ಲಿ ಮಾಕಳಿಯಿಂದ ಬರುವ ಜೊತೆಗಾರ್ತಿಯೊಬ್ಬಳು ಊಟದ ಹೊತ್ತಿಗೆ ಸುದ್ದಿ ತಂದಳು: ಸೊಪ್ಪಿನ ರಾಮಕ್ಕನ ಸೋಲಾರು ಮತ್ತೆ ಸುಟ್ಟಿದೆ, ಬಾಡಿಗೆಗೆ ಡೀಸೆಲ್ ಪಂಪು ತಂದು ಹ್ಯಾಂಡ್ಲು ತಿರುಗಿಸುತ್ತಿದ್ದಾಳೆ.

ಬಸಕ್ಕನಿಗೆ ಮೊದಲು ಖುಷಿಯಾಯಿತು. ಆಗಬೇಕಾದ್ದೇ ಆಯಿತು ಎಂದು ಬಾಯಿಗೂ ಬಂತು. ಆಮೇಲೆ ಊಟದ ಡಬ್ಬಿಯಲ್ಲಿದ್ದ ಅನ್ನ ಸೇರಲಿಲ್ಲ. ಮುಚ್ಚಳ ಹಾಕಿಟ್ಟು, ಗಂಟೆ ಹೊಡೆಯುವ ಮೊದಲೇ ಎದ್ದು ಹೋಗಿ ತನ್ನ ಜಾಗದಲ್ಲಿ ನಿಂತಳು.