ಮಗ್ಗ ನಿಂತ ಓಣಿ

ಬನಹಟ್ಟಿಯ ಆ ಓಣಿಯಲ್ಲಿ ಮಗ್ಗದ ಸಪ್ಪಳ ನಿಂತಿತೆಂದರೆ ಒಂದೋ ಕರೆಂಟು ಹೋಗಿರಬೇಕು, ಇಲ್ಲವೇ ಯಾರದೋ ಮನೆಯಲ್ಲಿ ಸಾವಾಗಿರಬೇಕು. ಹೆಣ ಓಣಿ ದಾಟುವ ತನಕ ಯಾರೂ ಮಗ್ಗದ ಬಟನ್ ಒತ್ತುವುದಿಲ್ಲ. ಇದನ್ನು ಯಾರೂ ಯಾರಿಗೂ ಕಲಿಸಿದ್ದಲ್ಲ. ನೇಕಾರರ ಮನೆಯಲ್ಲಿ ಹುಟ್ಟಿದ ಕೂಸಿಗೂ ಅದು ಗೊತ್ತು.

ಆದರೆ ಒಂದು ದಿನ ಆ ಓಣಿಯವರು ಸಾವಿಲ್ಲದೆ, ಶೇವಂತಿಯ ಸಲುವಾಗಿ ಮಗ್ಗ ನಿಲ್ಲಿಸಿದ್ದರು.

ಶೇವಂತಿಯ ಮಗ ಅಜಯ ಮನೆಯಲ್ಲೇ ಇದ್ದು ಪವರ್‌ಲೂಮ್ ನಡೆಸುತ್ತಿದ್ದ. ಊರು ಬಿಟ್ಟು ದುಡಿಯುತ್ತಿದ್ದವಳು ಸೊಸೆ ಅಕ್ಷತಾ. ಗಲಗಲಿಯ ಹುಡುಗಿ, ಇಂಜಿನಿಯರು. ಒಂದು ಸಣ್ಣ ಖಾಸಗಿ ರಾಕೆಟ್ ಕಂಪನಿಯಲ್ಲಿ ಅವಳ ಕೆಲಸ. ರಜೆ ಸಿಕ್ಕಾಗ ಮನೆಗೆ ಬರುವಳು. "ಗಂಡ ಮನ್ಯಾಗ, ಹೆಂಡತಿ ಆಕಾಶದಾಗ" ಎಂದು ಓಣಿಯವರು ಚಾಷ್ಟಿ ಮಾಡಿದರೆ ಶೇವಂತಿಯೂ ನಗುತ್ತಿದ್ದಳು. ಒಳಗೊಳಗೇ ಅವಳಿಗೆ ಹೆಮ್ಮೆ.

"ನಿನ್ನ ಕೆಲಸ ಅಂದ್ರ ಏನವಾ?" ಎಂದು ಒಮ್ಮೆ ಸೊಸೆಯನ್ನು ಕೇಳಿದ್ದಳು.

"ಹೊಕ್ಕಿನ ಎಳಿ ಹರದ್ರ ನಮ್ಮ ಮಗ್ಗ ತಾನ ನಿಲ್ಲತೈತಲ್ರಿ ಅತ್ತೀ? ಹಂಗ ರಾಕೆಟ್ಟಿನಾಗ ಏನರ ಹೆಚ್ಚುಕಮ್ಮಿ ಇದ್ರ, ಅದು ಏಳೂಕಿಂತ ಮೊದಲ ತಾನ ನಿಲ್ಲಬೇಕು. ಅದನ್ನ ನೋಡೂದು ನನ್ನ ಕೆಲಸ."

ಕಂಪನಿಯ ಮೊದಲ ರಾಕೆಟ್ ಹಾರುವ ದಿನ ಶೇವಂತಿ ಬೆಳಿಗ್ಗೆಯೇ ಓಣಿಗೆಲ್ಲ ಆಗುವಷ್ಟು ಸಿಹಿ ಮಾದಲಿ ಮಾಡಿಟ್ಟಳು. ಮನೆ ತುಂಬ ಜನ. ಎದುರು ಮನೆಯ ಗುರುಸಿದ್ದ ಶೇವಂತಿಯ ಕಡೆ ತಿರುಗಿ, "ವೈನಿ, ಈ ಖಟಖಟದಾಗ ಟೀವಿ ಏನ್ ಕೇಳಸ್ತೈತ್ರಿ?" ಎಂದು ಹೋಗಿ ತನ್ನ ಮಗ್ಗ ನಿಲ್ಲಿಸಿ ಬಂದ. ಅವನನ್ನು ನೋಡಿ ಉಳಿದವರೂ ನಿಲ್ಲಿಸಿದರು. ರಾಕೆಟ್ ಬೆಂಕಿ ಕಾರುತ್ತ ಮೇಲೆದ್ದಿತು. ಮಂದಿ ಚಪ್ಪಾಳೆ ತಟ್ಟುವಷ್ಟರಲ್ಲಿ ಅದು ಓರೆಯಾಗಿ, ಹೊಗೆಯಾಗಿ, ಚೂರುಚೂರಾಗಿ ಸಮುದ್ರಕ್ಕೆ ಬಿತ್ತು.

ಅದೇ ಹೊತ್ತಿಗೆ ಹಿಂದಿನ ಓಣಿಯ ಮುದುಕ ಅಮಸಿದ್ದಪ್ಪ ಚಪ್ಪಲಿ ಹೊರಗೆ ಬಿಟ್ಟು, ತಲೆ ತಗ್ಗಿಸಿಕೊಂಡು ಒಳಗೆ ಬಂದ. ಕೈಯಲ್ಲಿ ಹೂವಿನ ಹಾರ. ಎಲ್ಲರ ಬಾಡಿದ ಮುಖ ನೋಡಿ ಮೆಲ್ಲಗೆ ಕೇಳಿದ: "ಯಾವಾಗ ಹೋದ್ರು?"

ಯಾರೋ ಹುಡುಗಿ ಕಿಸಕ್ಕನೆ ನಕ್ಕಳು. ಗುರುಸಿದ್ದ ಅಮಸಿದ್ದಪ್ಪನ ತೋಳು ಹಿಡಿದು ಹೊರಗೆ ಕರೆದೊಯ್ದ. ಮಗ್ಗಗಳು ಒಂದೊಂದಾಗಿ ಶುರುವಾದವು. ಹೋಗುವಾಗ ಎಲ್ಲರೂ ಮಾದಲಿಯನ್ನು ಮರೆಯದೆ ತಿಂದು, ಛಲೋ ಆಗೇತಿ ಎಂದೇ ಹೋದರು. ಅದರೊಳಗಿನ ಅಂತಃಕರಣ ಶೇವಂತಿಗೆ ಅಂದು ಕಾಣಲಿಲ್ಲ. ಅವಳಿಗೆ ಕಂಡದ್ದು ಆ ಹಾರವೊಂದೇ.

ಸಂಜೆ ಅಕ್ಷತಾಳ ಫೋನು ಬಂತು. ಅತ್ತು ಅತ್ತು ದನಿ ಬಿದ್ದಿತ್ತು. "ನೋಡಿದ್ರೇನ್ರಿ ಅತ್ತೀ?"

"ಇಲ್ಲವಾ. ಕರೆಂಟ ಹೋಗಿತ್ತು" ಎಂದಳು ಶೇವಂತಿ.

ಮುಂದೆ ಕೆಲವು ದಿನಕ್ಕೆ ಜಮಖಂಡಿಯಲ್ಲಿ ಗಂಡನ ಅಕ್ಕ ಭಾಗವ್ವನ ಮನೆಯಲ್ಲಿ ಬಸುರಿಗೆ ಮಾಡುವ ಕುಬಸದ ಕಾರ್ಯ. ಅವಳು ಮುಖದ ಮೇಲೇ ಮಾತಾಡಿಬಿಡುವ ಹೆಂಗಸು. ಅಕ್ಷತಾಳೂ ರಜೆ ಹಾಕಿ ಬಂದಿದ್ದಳು. ಹೆಂಗಸರೆಲ್ಲ ಪಡಸಾಲೆಯಲ್ಲಿ ಕೂತಾಗ ಭಾಗವ್ವ ಶುರು ಮಾಡಿದಳು.

"ಏನ ಶೇವಂತಿ, ನಿನ್ನ ಸೊಸಿ ರಾಕೆಟ್ ನೀರಾಗ ಬಿತ್ತಂತಲ್ಲ? ನಮ್ಮ ಹುಡುಗೂರ ಹಚ್ಚೂ ಪಟಾಕಿನರ ಅದಕಿಂತ ಮ್ಯಾಲ ಹೋಗ್ತಾವ ಬಿಡು. ತೊಟ್ಟಿಲ ಕಟ್ಟೂ ವಯಸ್ಸಿನಾಗ ಇದೇನ ಉದ್ಯೋಗವಾ ತಾಯಿ!"

ಸುತ್ತಲೂ ನಗೆ ಎದ್ದಿತು.

"ಆ ಕೆಲಸ ಬಿಟ್ಟಾಳ್ರಿ ಅಕ್ಕಾರ" ಎಂದು ಶೇವಂತಿಯ ಬಾಯಿಂದ ಬಂದೇಬಿಟ್ಟಿತು. "ಈಗ ಕಾಲೇಜಿನಾಗ ಕಲಸ್ತಾಳ."

ಹೇಳಿ ತಲೆಯೆತ್ತಿದರೆ ಬಾಗಿಲಲ್ಲಿ ಅಕ್ಷತಾ. ಚಹಾದ ತಾಟು ಹಿಡಿದು ನಿಂತಿದ್ದಾಳೆ. ಎಲ್ಲವನ್ನೂ ಕೇಳಿಸಿಕೊಂಡಿದ್ದಾಳೆ.

"ಖರೇನೇನ?" ಎಂದು ಭಾಗವ್ವ ಅವಳತ್ತ ತಿರುಗಿದಳು.

ಅಕ್ಷತಾ ಅತ್ತೆಯ ಮುಖ ನೋಡಿದಳು. ಆಮೇಲೆ ಬಗ್ಗಿ ಭಾಗವ್ವನ ಮುಂದೆ ಚಹಾ ಇಡುತ್ತ ಅಂದಳು: "ಹೌದ್ರಿ. ಹುಡುಗೂರಿಗೆ ಕಲಸೂದ ಛಲೋ ಅನಸ್ತು."

ಸಿಟ್ಟು ಮಾಡಿದ್ದರೆ ಶೇವಂತಿ ತಡೆದುಕೊಳ್ಳಬಹುದಿತ್ತು. ಅವಳು ಸಿಟ್ಟು ಮಾಡಲಿಲ್ಲ. ತಿರುಗಿ ಬರುವಾಗ ಬಸ್ಸಿನಲ್ಲಿ ಕಿಟಕಿಯ ಸೀಟು ಬಿಟ್ಟುಕೊಟ್ಟಳು, ಅತ್ತೆಗೆ ಹೊಟ್ಟೆ ತೊಳಸುತ್ತದೆಂದು ಕೈಚೀಲದಿಂದ ಲಿಂಬೆಹಣ್ಣು ತೆಗೆದು ಅಂಗೈಗಿಟ್ಟಳು. ಶೇವಂತಿ ಅದನ್ನು ಮೂಸುತ್ತ ಹೊರಗಿನ ಕಬ್ಬಿನ ಹೊಲ ನೋಡುತ್ತ ಕೂತಳು. ಬನಹಟ್ಟಿ ಬರುವ ತನಕ ಸೊಸೆಯ ಕಡೆ ತಿರುಗಲು ಧೈರ್ಯ ಬರಲಿಲ್ಲ.

ಸುಳ್ಳು ಅವರಿಗಿಂತ ಮುಂಚೆಯೇ ಓಣಿ ಮುಟ್ಟಿತ್ತು. "ಕಾಲೇಜಂತಲ್ರಿ, ಛಲೋ ಆತು" ಎಂದು ಒಬ್ಬಿಬ್ಬರು ಅಂದರು. ಶೇವಂತಿ ಇಲ್ಲವೆನ್ನಲಿಲ್ಲ. ಅಕ್ಷತಾ ಆಮೇಲೂ ಫೋನು ಮಾಡುವಳು. ಮೊಣಕಾಲು ನೋವು, ಗುಳಿಗೆ, ಊಟ ಎಲ್ಲ ಕೇಳುವಳು. ರಾಕೆಟ್ಟಿನ ಸುದ್ದಿ ಮಾತ್ರ ಎತ್ತುತ್ತಿರಲಿಲ್ಲ. ಮೊದಲು ಆ ಸುದ್ದಿ ಹೇಳದೆ ಫೋನು ಇಟ್ಟವಳೇ ಅಲ್ಲ.

ಹೀಗೇ ವರ್ಷ ಕಳೆಯಿತು. ಒಂದು ಮಧ್ಯಾಹ್ನ ಊಟಕ್ಕೆ ಕೂತ ಅಜಯ ರೊಟ್ಟಿ ಮುರಿಯುತ್ತ, "ಅವ್ವಾ, ನಾಳೆ ಅಕ್ಷತಾನ ಕಂಪನಿ ಎರಡನೇ ರಾಕೆಟ್ ಹೋಗ್ತೈತಿ" ಎಂದ. "ನಿನಗ ಹೇಳಬ್ಯಾಡ ಅಂದಿದ್ಲು."

"ಯಾಕಂತ?"

"ಓಣ್ಯಾಗ ಅತ್ತಿಯವರಿಗೆ ತ್ರಾಸ ಆಗ್ತೈತಿ ಅಂದ್ಲು."

ಶೇವಂತಿ ಸಾರಿನ ಸೌಟು ಕೆಳಗಿಟ್ಟಳು. ಸೆರಗು ಸರಿಮಾಡಿಕೊಂಡು ಎದುರು ಮನೆಗೆ ನಡೆದಳು. ಗುರುಸಿದ್ದ ಲಾಳಿಗೆ ನೂಲಿನ ಕಂಡಿಕೆ ಹಾಕುತ್ತಿದ್ದ. ಮಗ್ಗದ ಸದ್ದಿನಲ್ಲಿ ಕೂಗಿಯೇ ಹೇಳಬೇಕಾಯಿತು.

"ನಾಳೆ ಅಕ್ಷತಾನ ರಾಕೆಟ್ ಐತ್ರಿ! ತಾಸೊಪ್ಪತ್ತು ಮಗ್ಗ ನಿಲ್ಲಸ್ತೀರೇನ್ರಿ?"

ಗುರುಸಿದ್ದ ಮಗ್ಗ ನಿಲ್ಲಿಸಿದ. ಅವಳ ಮುಂದಿನ ಮಾತು ಅವಳ ಕಿವಿಗೇ ದೊಡ್ಡದಾಗಿ ಕೇಳಿಸಿತು.

"ಕಾಲೇಜಿನಾಗ ಅಲ್ರಿ ಆಕಿ. ನಾ ಸುಳ್ಳ ಹೇಳಿದ್ದೆ" ಎಂದಳು ಶೇವಂತಿ.

ಅವನು ಕೈ ಒರೆಸಿಕೊಂಡ. "ನಮಗ ಗೊತ್ತೈತ್ರಿ ವೈನಿ. ಆ ಕಂಪನಿ ಸುದ್ದಿ ಎಲ್ಲಾ ಮೊಬೈಲಿನಾಗ ಬರ್ತೈತಿ, ಫೋಟೋದಾಗ ಅಕ್ಷತಾನೂ ಇರ್ತಾಳ. ನಿಮಗ ನೋವಾಗಬಾರ್ದಂತ ಸುಮ್ಮನಿದ್ವಿ. ಎಷ್ಟೊತ್ತಿಗೆ ನಿಲ್ಲಸಬೇಕ್ರಿ?"

ಅಂದರೆ ಇಷ್ಟು ದಿನ ಓಣಿಗೆ ಓಣಿಯೇ ಅವಳ ಸುಳ್ಳನ್ನು ಮುಚ್ಚಿಕೊಂಡು ಬಂದಿತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ಮುಂದಿನ ಮನೆಗೆ ಹೋದಳು, ಅದರ ಮುಂದಿನ ಮನೆಗೂ. ಕೊನೆಗೆ ಹಿಂದಿನ ಓಣಿಗೂ ಹೋದಳು.

"ಅಮಸಿದ್ದಪ್ಪಾರ, ನಾಳೆ ಮಗ್ಗ ನಿಂತ್ರ ಯಾರೂ ಸತ್ತಿರಂಗಿಲ್ರಿ. ಹಾರ ತರಬ್ಯಾಡ್ರಿ, ಟೀವಿ ನೋಡಾಕ ಬರ್ರಿ."

ಮುದುಕ ಕೈ ಮುಗಿದ. "ಅವತ್ತಿನಿಂದ ನಿಮ್ಮ ಓಣ್ಯಾಗ ಕಾಲಿಡಾಕ ನನಗ ನಾಚಿಕಿರೀ ಯವ್ವಾ."

"ನಾಚಿಕಿ ನಿಮ್ಮದಲ್ರಿ" ಎಂದಳು ಶೇವಂತಿ.

ಮರುದಿನ ಮನೆ ಮತ್ತೆ ತುಂಬಿತು. ಅಜಯ ತನ್ನ ಫೋನನ್ನು ಟೀವಿಗೆ ಜೋಡಿಸಿ, ನಡುವೆ ಕರೆ ಬಾರದಂತೆ ಮಾಡಿಟ್ಟ. ರಾಕೆಟ್ ಇನ್ನೇನು ಏಳಬೇಕು, ಹತ್ತರಿಂದ ಇಳಿಯುತ್ತಿದ್ದ ಎಣಿಕೆ ತಟ್ಟನೆ ನಿಂತಿತು. "ಹೋತ ಬಿಡ್ರಿ" ಎಂದು ಯಾರೋ ಅಂದರು.

"ಹೋಗಿಲ್ಲ" ಎಂದಳು ಶೇವಂತಿ. "ಎಲ್ಲೋ ಎಳಿ ಹರದೈತಿ. ಅದಕ್ಕ ತಾನ ನಿಂತೈತಿ. ಹಂಗ ನಿಲ್ಲೂವಂಗ ಮಾಡಿದಾಕಿ ನಮ್ಮ ಅಕ್ಷತಾ."

ಎಲ್ಲರೂ ಕಾದರು. ಮಗ್ಗ ನಿಂತಷ್ಟೂ ನೇಯುವ ಅರಿವೆ ಕಡಿಮೆ, ಕೂಲಿಯೂ ಕಡಿಮೆ. ಆದರೂ ಯಾರೂ ಏಳಲಿಲ್ಲ. ಬಿಸಿಲು ಹೊಸ್ತಿಲು ದಾಟುವ ಹೊತ್ತಿಗೆ ಎಣಿಕೆ ಮತ್ತೆ ಶುರುವಾಯಿತು. ಈ ಸಲ ರಾಕೆಟ್ ನೆಟ್ಟಗೆ ಎದ್ದು, ಹೋದ ಸಲ ಒಡೆದ ಎತ್ತರವನ್ನು ದಾಟಿ, ಬರೀ ಬೆಳಕಿನ ಚುಕ್ಕೆಯಾಗುವ ತನಕ ಹೋಯಿತು. ಅಮಸಿದ್ದಪ್ಪ ಎದ್ದು ನಿಂತುಬಿಟ್ಟ. ಆಮೇಲೆ ಮೇಲಿನ ಭಾಗದ ಇಂಜಿನು ಹೊತ್ತಿಕೊಳ್ಳಲಿಲ್ಲವೆಂದು ಟೀವಿಯವನು ಹೇಳಿದ. ಅದೂ ಸಮುದ್ರ ಸೇರಿತು.

ಆಗ ಶೇವಂತಿಯ ಫೋನು ರಿಂಗಣಿಸಿತು.

"ಅತ್ತೀ, ಇವರ ಫೋನ ಹತ್ತವಲ್ದು..." ಅಕ್ಷತಾಳ ದನಿ ಅರ್ಧಕ್ಕೆ ನಿಂತಿತು. "ಅತ್ತೀ, ಮಗ್ಗದ ಸಪ್ಪಳನ ಇಲ್ಲಲ್ರಿ? ಯಾರು ಹೋದ್ರು?"

ಕರೆಂಟ ಹೋಗೈತಿ ಎಂಬ ಮಾತು ಶೇವಂತಿಯ ನಾಲಗೆಯ ತುದಿಗೇ ಬಂತು. ಅವಳು ಅದನ್ನು ನುಂಗಿದಳು.

"ಯಾರೂ ಹೋಗಿಲ್ಲವಾ. ಮನಿ ಮನಿಗೆ ಹೋಗಿ ಹೇಳಿ ನಾನ ನಿಲ್ಲಸೇನಿ. ನಿನ್ನ ರಾಕೆಟ್ ನೋಡಾಕ."

"ಇದೂ ಬಿತ್ತಲ್ರಿ ಅತ್ತೀ" ಎಂದಳು ಅಕ್ಷತಾ.

"ನೋಡಿದ್ನಿ. ಎಲ್ಲಾರೂ ನೋಡಿದ್ರು" ಎಂದಳು ಶೇವಂತಿ. "ಅಕ್ಷತಾ, ಜಮಖಂಡ್ಯಾಗ ನಾ ಅಂದದ್ದು..."

"ಅದನ್ನ ಬಿಡ್ರಿ ಅತ್ತೀ."

"ನೀ ಬಿಟ್ಟಿ, ಓಣ್ಯಾವ್ರೂ ಬಿಟ್ರು. ನನಗ ಬಿಡಾಕ ಆಗವಲ್ದು. ಇವತ್ತ ಭಾಗಕ್ಕಾರಿಗೆ ಫೋನ್ ಮಾಡಿ ಖರೇ ಹೇಳ್ತೇನಿ."

ಅಕ್ಷತಾ ಬಿಕ್ಕಿ ಬಿಕ್ಕಿ ಅಳತೊಡಗಿದಳು. ಗುರುಸಿದ್ದ ಹೊಸ್ತಿಲಲ್ಲಿ ನಿಂತು, ಮಗ್ಗ ಶುರು ಮಾಡಲೇ ಎಂದು ಕೈಸನ್ನೆಯಲ್ಲಿ ಕೇಳಿದ. ಫೋನನ್ನು ಕಿವಿಗೆ ಒತ್ತಿಕೊಂಡ ಶೇವಂತಿ, ಇನ್ನೂ ಬೇಡ ಎಂದು ತಲೆಯಲ್ಲಾಡಿಸಿದಳು.

ಆತ ಹೊರಗೆ ಹೋಗಿ ಕಟ್ಟೆಯ ಮೇಲೆ ಸುಮ್ಮನೆ ಕೂತ.